ಸುಮ್ನೆ ಕೂತಿದ್ದಾಗ ಎದೆ 180ಕ್ಕೆ ಏರೋದು ಯಾಕೆ? ‘ಟೆನ್ಶನ್’ ಅನ್ನೋ ಮುಂಚೆ ಇದನ್ನು ನೋಡಿ

[ಪರದೆಯ ಮೇಲೆ: ನಾಡಿಬಡಿತದ ಅಂಕಿ 74. ಕಣ್ಣು ಮಿಟುಕಿಸುವಷ್ಟರಲ್ಲಿ 182.]

ನಮಸ್ಕಾರ. ಹೃದಯದ ಬಗ್ಗೆ ಏನೇ ವಿಡಿಯೋ ಮಾಡಿದರೂ ನಿಮ್ಮಲ್ಲಿ ಹಲವರು ಒಂದು ಪ್ರಶ್ನೆ ಕೇಳೇ ಕೇಳುತ್ತೀರಿ. ಓಡಿಲ್ಲ, ಮೆಟ್ಟಿಲು ಹತ್ತಿಲ್ಲ, ಸುಮ್ನೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ತಲೆ ಹಗುರಾಯಿತು, ಕಣ್ಣಿಗೆ ಕತ್ತಲೆ ಬಂತು. ಕಾಲು ಗಂಟೆಯಲ್ಲಿ ತಾನಾಗಿಯೇ ನಿಂತೂ ಹೋಯಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇಸಿಜಿ ನಾರ್ಮಲ್. ಟೆನ್ಶನ್ ಇರಬೇಕು, ಇಲ್ಲಾಂದ್ರೆ ಗ್ಯಾಸ್ಟ್ರಿಕ್ ಅಂದರು. ನಿಜವಾಗಲೂ ಅಷ್ಟೇನಾ?

ನನ್ನ ತಕರಾರು ಆ ಉತ್ತರದ ಮೇಲೇ. ಟೆನ್ಶನ್‌ನಿಂದ ಎದೆ ಹೊಡೆದುಕೊಳ್ಳುವುದು ನಿಜ. ಆದರೆ ಆ ಉತ್ತರ ಬೇರೆಲ್ಲ ನೋಡಿದ ಮೇಲೆ ಬರಬೇಕು. ನಮ್ಮಲ್ಲಿ ಅದು ಎಲ್ಲಕ್ಕಿಂತ ಮೊದಲೇ ಬಂದುಬಿಡುತ್ತದೆ. ಅದರಲ್ಲೂ ಕೇಳುತ್ತಿರುವವರು ಹೆಂಗಸರಾದರೆ ಇನ್ನೂ ಬೇಗ.

[ಪರದೆಯ ಮೇಲೆ: ಹೃದಯದ ನಾಲ್ಕು ಕೋಣೆಗಳ ಚಿತ್ರ]

ಮೂಲ ವಿಷಯ ಬೇಗ ಮುಗಿಸೋಣ. ಹೃದಯದ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜಾಗವಿದೆ. ವಿಶ್ರಾಂತಿಯಲ್ಲಿರುವಾಗ ಅದು ನಿಮಿಷಕ್ಕೆ 60ರಿಂದ 100 ಸಲ ಕರೆಂಟ್ ಬಿಡುತ್ತದೆ. ಆ ಕರೆಂಟ್ ಮೇಲಿನ ಎರಡು ಕೋಣೆಗಳಲ್ಲಿ ಹರಡಿ, ನಡುವಿನ ಎವಿ ನೋಡ್ ದಾಟಿ, ಕೆಳಗಿನ ಎರಡು ಕೋಣೆಗಳಿಗೆ ಇಳಿಯುತ್ತದೆ. ಒಂದು ಸುತ್ತು, ಒಂದು ಬಡಿತ.

ಇನ್ನು ತಲೆ ಸುತ್ತು ಯಾಕೆ? ನಾಡಿ 72 ಇದ್ದಾಗ ಒಂದು ಬಡಿತಕ್ಕೆ 0.83 ಸೆಕೆಂಡ್ ಸಿಗುತ್ತದೆ. 180 ಆದಾಗ ಬರೀ 0.33 ಸೆಕೆಂಡ್. ಅಷ್ಟರಲ್ಲೇ ಹೃದಯ ರಕ್ತ ತುಂಬಿಕೊಳ್ಳಬೇಕು, ಹಿಂಡಿ ಹೊರಗೂ ಹಾಕಬೇಕು. ಸರಿಯಾಗಿ ತುಂಬುವುದಿಲ್ಲ. ಬಿಪಿ ಇಳಿಯುತ್ತದೆ, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಕಣ್ಣು ಕತ್ತಲೆ ಕಟ್ಟುತ್ತದೆ. ಬಡಿತ ಜಾಸ್ತಿಯಾದರೆ ರಕ್ತವೂ ಜಾಸ್ತಿ ಹೋಗಬೇಕಲ್ವಾ ಅಂತ ಅನ್ನಿಸುತ್ತದೆ. ಒಂದು ಹಂತದವರೆಗೆ ಅದು ನಿಜ, ಆಮೇಲೆ ಉಲ್ಟಾ.

ಈಗ ಮುಖ್ಯವಾದ ಪ್ರಶ್ನೆ. ಅದು ಶುರುವಾಗುವುದು ಹೇಗೆ? ಮೆಲ್ಲಗೆ ಏರಿತಾ, ಇಲ್ಲಾ ಸ್ವಿಚ್ ಹಾಕಿದ ಹಾಗೆ ತಟ್ಟನೆ ಶುರುವಾಯಿತಾ? ನಿಂತಿದ್ದು ಹೇಗೆ?

ಓಟ, ಜ್ವರ, ಭಯ, ಬಳಲಿಕೆ ಇವುಗಳಲ್ಲಿ ನಾಡಿ ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ, ಇಳಿಯುವಾಗಲೂ ನಿಧಾನ. ತಟ್ಟನೆ ಶುರುವಾಗಿ ತಟ್ಟನೆ ನಿಂತರೆ, ಒಂದೇ ತಾಳದಲ್ಲಿ 150, 180, 200 ಅಂತ ಹೊಡೆದರೆ, ಅಲ್ಲಿ ಬೇರೊಂದು ಅನುಮಾನ ಬರಬೇಕು. ಅದರ ಹೆಸರು ಎಸ್‌ವಿಟಿ. ಪೂರ್ತಿ ಹೇಳಿದರೆ ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಅಂದರೆ ಕೆಳಗಿನ ಕೋಣೆಗಳಿಗಿಂತ ಮೇಲೆ ಹುಟ್ಟುವ ಅತಿವೇಗದ ಬಡಿತ. ಇದಕ್ಕೆ ಹೃದಯದ ರಕ್ತನಾಳ ಕಟ್ಟಿಕೊಂಡಿರಬೇಕಾಗಿಲ್ಲ. ಇಪ್ಪತ್ತೈದರ ಹುಡುಗಿಗೂ ಬರುತ್ತದೆ. ಇದರಲ್ಲಿ ಜಾಸ್ತಿ ಕಾಣುವ ಬಗೆಗೆ ಎವಿಎನ್‌ಆರ್‌ಟಿ ಅನ್ನುತ್ತಾರೆ. ಅದು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

[ಪರದೆಯ ಮೇಲೆ: ಒಂದು ಊರಿನ ನಕ್ಷೆ, ಎರಡು ದಾರಿ]

ಇದು ನಡೆಯುವ ರೀತಿ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಊರು ಅಂದುಕೊಳ್ಳಿ. ಈ ತುದಿಯಿಂದ ಆ ತುದಿಗೆ ಎರಡು ದಾರಿ. ಒಂದು ಬೈಪಾಸ್, ಸರ್ರಂತ ಹೋಗಬಹುದು. ಆದರೆ ಅದರ ಮೇಲೆ ಒಂದು ಗೇಟ್ ಇದೆ. ಒಂದು ಗಾಡಿ ದಾಟಿದ ಕೂಡಲೇ ಗೇಟ್ ಬೀಳುತ್ತದೆ, ಮತ್ತೆ ಏಳಲು ಬಹಳ ಹೊತ್ತು ಬೇಕು. ಇನ್ನೊಂದು ಪೇಟೆ ಬೀದಿ. ಗಾಡಿ ತೆವಳುತ್ತಾ ಹೋಗಬೇಕು, ಆದರೆ ಅಲ್ಲಿನ ಗೇಟ್ ಬೇಗ ಏಳುತ್ತದೆ. ಕೆಲವರ ಎವಿ ನೋಡ್ ಹತ್ತಿರ ಹುಟ್ಟಿನಿಂದಲೇ ಇಂಥ ಎರಡು ದಾರಿ ಇರುತ್ತವೆ.

ದಿನಾ ಏನಾಗುತ್ತದೆ? ಮೇಲಿಂದ ಬಂದ ಕರೆಂಟ್ ಎರಡೂ ದಾರಿ ಹಿಡಿಯುತ್ತದೆ. ಬೈಪಾಸಿನದು ಮೊದಲು ತಲುಪಿ ಕೆಳಗಿಳಿಯುತ್ತದೆ. ಪೇಟೆ ಬೀದಿಯದು ತಡವಾಗಿ ಬಂದು, ಮುಂದೆ ದಾರಿ ಮುಚ್ಚಿದ್ದರಿಂದ ಅಲ್ಲೇ ನಂದಿಹೋಗುತ್ತದೆ. ಹೀಗೆ ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ.

ಒಂದು ದಿನ ಒಂದು ಬಡಿತ ಸ್ವಲ್ಪ ಮುಂಚೆ ಬಂದುಬಿಡುತ್ತದೆ. ಇಂಥ ಅವಸರದ ಬಡಿತ ನಮ್ಮೆಲ್ಲರಿಗೂ ಬರುತ್ತಿರುತ್ತದೆ. ಅದು ಬಂದಾಗ ಬೈಪಾಸ್ ಗೇಟ್ ಇನ್ನೂ ಬಿದ್ದೇ ಇದೆ. ಪೇಟೆ ಬೀದಿ ಮಾತ್ರ ತೆರೆದಿದೆ. ಹಾಗಾಗಿ ಕರೆಂಟ್ ಆ ಬೀದಿಯಲ್ಲಿ ತೆವಳಿಕೊಂಡು ಕೆಳ ತುದಿಗೆ ಬರುತ್ತದೆ. ಅಷ್ಟರಲ್ಲಿ ಬೈಪಾಸ್ ಗೇಟ್ ಎದ್ದಿರುತ್ತದೆ. ಕರೆಂಟ್ ಕೆಳಗಿನ ಕೋಣೆಗೂ ಇಳಿಯುತ್ತದೆ, ಬೈಪಾಸ್ ಹಿಡಿದು ಮೇಲಕ್ಕೂ ವಾಪಸ್ ಹೋಗುತ್ತದೆ. ಮೇಲೆ ಹೋದರೆ ಪೇಟೆ ಬೀದಿ ಮತ್ತೆ ತೆರೆದಿದೆ. ಮತ್ತೆ ಕೆಳಗೆ, ಮತ್ತೆ ಮೇಲೆ. ಒಂದೊಂದು ಸುತ್ತಿಗೂ ಒಂದೊಂದು ಬಡಿತ. ಸೈನಸ್ ನೋಡ್‌ನ ಮಾತು ಈಗ ಯಾರೂ ಕೇಳುತ್ತಿಲ್ಲ. ಸುತ್ತು ಎಲ್ಲೋ ಒಂದು ಕಡೆ ಮುರಿದ ಕ್ಷಣವೇ ಎಲ್ಲ ತಟ್ಟನೆ ನಿಲ್ಲುತ್ತದೆ. ಸ್ವಿಚ್ ಹಾಕಿದ ಹಾಗೆ, ಆರಿಸಿದ ಹಾಗೆ ಅನ್ನಿಸುವುದು ಇದರಿಂದಲೇ.

ಇನ್ನೊಂದು ಸಂಗತಿ ಗಮನಿಸಿ. ಕರೆಂಟ್ ಮೇಲಕ್ಕೂ ಕೆಳಕ್ಕೂ ಹೆಚ್ಚು ಕಡಿಮೆ ಒಟ್ಟಿಗೇ ಹೋಗುವುದರಿಂದ ಮೇಲಿನ, ಕೆಳಗಿನ ಕೋಣೆಗಳು ಒಂದೇ ಸಲ ಹಿಂಡುತ್ತವೆ. ನಡುವಿನ ಕವಾಟ ಮುಚ್ಚಿರುತ್ತದೆ. ಮೇಲಿನ ಕೋಣೆಯ ರಕ್ತಕ್ಕೆ ಕೆಳಗೆ ಜಾಗವಿಲ್ಲ, ಅದು ಕತ್ತಿನ ಸಿರೆಗಳಿಗೆ ವಾಪಸ್ ಬಡಿಯುತ್ತದೆ. ಕತ್ತು ಪಟಪಟ ಅಂತ ಉಬ್ಬಿ ಇಳಿಯುತ್ತದೆ. ವೈದ್ಯರು ಇದನ್ನು ಕಪ್ಪೆ ಲಕ್ಷಣ ಎಂದೇ ಕರೆಯುತ್ತಾರೆ, ಕಪ್ಪೆಯ ಗಂಟಲು ನೆನಪಿಸಿಕೊಳ್ಳಿ. ಮೇಲಿನ ಕೋಣೆಗಳು ಹಿಗ್ಗಿದಾಗ ಅವುಗಳಿಂದ ಒಂದು ಹಾರ್ಮೋನ್ ಹೊರಬರುತ್ತದೆ, ಅದು ಕಿಡ್ನಿಗೆ ನೀರು ಹೊರಹಾಕು ಅನ್ನುತ್ತದೆ. ಅದಕ್ಕೇ ಕೆಲವರಿಗೆ ಎದೆಬಡಿತ ಬಂದಾಗ ಮೂತ್ರ ಜಾಸ್ತಿ ಹೋಗುತ್ತದೆ. ಕತ್ತು ಬಡಿಯಿತು, ಆಮೇಲೆ ಎರಡು ಮೂರು ಸಲ ಮೂತ್ರಕ್ಕೆ ಹೋದೆ. ಇದನ್ನು ಯಾರೂ ಡಾಕ್ಟರ್ ಹತ್ತಿರ ಹೇಳುವುದಿಲ್ಲ, ಸಂಬಂಧವೇ ಇಲ್ಲ ಅಂದುಕೊಳ್ಳುತ್ತಾರೆ. ದಯವಿಟ್ಟು ಹೇಳಿ. ಅದು ಒಳ್ಳೆಯ ಸುಳಿವು.

[ಪರದೆಯ ಮೇಲೆ: 1997, 107 ರೋಗಿಗಳು]

ಟೆನ್ಶನ್ ವಿಷಯಕ್ಕೆ ಬರೋಣ. 1997ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎಸ್‌ವಿಟಿ ಇರುವುದು ಖಚಿತವಾಗಿದ್ದ 107 ಜನರ ಹಿಂದಿನ ಕತೆಯನ್ನು ಅದು ಕೆದಕಿತು. ಅವರಲ್ಲಿ 67% ಜನರ ಲಕ್ಷಣಗಳು ಪ್ಯಾನಿಕ್ ಕಾಯಿಲೆಯ ಪಟ್ಟಿಗೂ ಹೊಂದುತ್ತಿದ್ದವು. ಮೊದಲ ಸಲ ತೋರಿಸಿದಾಗ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಎಸ್‌ವಿಟಿ ಪತ್ತೆಯೇ ಆಗಿರಲಿಲ್ಲ. ಪತ್ತೆಯಾಗದೆ ಉಳಿದವರಲ್ಲಿ ಪ್ಯಾನಿಕ್, ಆತಂಕ, ಒತ್ತಡ ಎಂಬ ಹಣೆಪಟ್ಟಿ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಬಿದ್ದಿತ್ತು. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಎದೆ 190ರಲ್ಲಿ ಓಡುತ್ತಿದ್ದರೆ ಯಾರಿಗೆ ಭಯವಾಗುವುದಿಲ್ಲ? ಆ ಭಯವನ್ನೇ ಕಾರಣ ಅಂದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ.

ಪ್ಯಾನಿಕ್ ಅಟ್ಯಾಕ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವಾದ ಕಾಯಿಲೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಎರಡೂ ಒಬ್ಬರಲ್ಲೇ ಇರಬಹುದು. ನಾನು ಕೇಳುತ್ತಿರುವುದು ಇಷ್ಟೇ, ಬಡಿತ ನಡೆಯುತ್ತಿರುವಾಗ ಒಂದು ಇಸಿಜಿ ಆಗಲಿ. ನಿಂತ ಮೇಲೆ ತೆಗೆದ ಇಸಿಜಿ ನಾರ್ಮಲ್ ಬಂದರೆ ಎಸ್‌ವಿಟಿ ಇಲ್ಲ ಅಂತ ಅರ್ಥವಲ್ಲ.

[ಪರದೆಯ ಮೇಲೆ: 10 ಎಂಎಲ್ ಸಿರಿಂಜ್]

ಈ ಸಿರಿಂಜ್ ನೋಡಿ. ಸೂಜಿ ಇಲ್ಲ, ಔಷಧಿಯೂ ಇಲ್ಲ. ಇದನ್ನು ಬಾಯಲ್ಲಿಟ್ಟು, ಒಳಗಿನ ದಂಡ ಸ್ವಲ್ಪ ಅಲುಗುವಷ್ಟು ಜೋರಾಗಿ 15 ಸೆಕೆಂಡ್ ಊದಬೇಕು. ಎದೆಯೊಳಗೆ ಒತ್ತಡ ಏರಿ ಇಳಿದಾಗ, ಬಡಿತವನ್ನು ನಿಧಾನ ಮಾಡುವ ವೇಗಸ್ ಎಂಬ ನರ ಚುರುಕಾಗುತ್ತದೆ, ಎವಿ ನೋಡ್ ಒಂದು ಕ್ಷಣ ತಡೆಯುತ್ತದೆ, ಸುತ್ತು ಮುರಿಯುತ್ತದೆ. ಇಟಲಿಯ ವಾಲ್ಸಾಲ್ವಾ ಎಂಬ ವೈದ್ಯನ ಹೆಸರಿನ ಈ ಉಪಾಯ ಹಳೆಯದು. 2015ರಲ್ಲಿ ಇಂಗ್ಲೆಂಡಿನ ವೈದ್ಯರು 428 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಊದಿ ಮುಗಿದ ಕೂಡಲೇ ರೋಗಿಯನ್ನು ಅಂಗಾತ ಮಲಗಿಸಿ, ಎರಡೂ ಕಾಲನ್ನು 15 ಸೆಕೆಂಡ್ ಮೇಲೆತ್ತಿ ಹಿಡಿದರು. ಅಷ್ಟೇ. ಬರೀ ಊದಿದವರಲ್ಲಿ 17% ಜನರ ಬಡಿತ ಸರಿಹೋದರೆ, ಕಾಲೆತ್ತಿದವರಲ್ಲಿ 43%. ಒಂದು ಪೈಸೆ ಖರ್ಚಿಲ್ಲ! ಇದಕ್ಕಿಂತ ಚೆಂದದ ಪ್ರಯೋಗವನ್ನು ನಾನು ಇತ್ತೀಚೆಗೆ ಓದಿಲ್ಲ.

ಒಂದು ಎಚ್ಚರಿಕೆ. ಎಸ್‌ವಿಟಿ ಅಂತ ಖಚಿತವಾಗಿ, ಡಾಕ್ಟರ್ ಹೇಳಿಕೊಟ್ಟ ಮೇಲೆಯೇ ಇದನ್ನು ಮನೆಯಲ್ಲಿ ಮಾಡಿ. ಕತ್ತಿನ ನರ ತಿಕ್ಕುವುದು, ಕಣ್ಣುಗುಡ್ಡೆ ಒತ್ತುವುದು ಅಂತ ಯಾರಾದರೂ ಹೇಳಿದರೆ ಮಾಡಲೇಬೇಡಿ, ಅಪಾಯ. ಊದಿದರೂ ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಅಡೆನೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಕೆಲವು ಸೆಕೆಂಡಲ್ಲಿ ಅದರ ಕೆಲಸ ಮುಗಿಯುತ್ತದೆ. ಆ ಕ್ಷಣ ಪ್ರಾಣವೇ ಹೋದಂತೆ ಅನ್ನಿಸಬಹುದು, ಮೊದಲೇ ಗೊತ್ತಿದ್ದರೆ ಧೈರ್ಯ ಇರುತ್ತದೆ. ಪದೇ ಪದೇ ಬರುತ್ತಿದ್ದರೆ ಅಬ್ಲೇಶನ್ ಇದೆ. ತೊಡೆಸಂದಿನ ಸಿರೆಯಿಂದ ತಂತಿ ಒಳಗೆ ಕಳಿಸಿ, ಆ ಪೇಟೆ ಬೀದಿಯನ್ನು ಬಿಸಿಯಿಂದ ಮುಚ್ಚಿಬಿಡುತ್ತಾರೆ. ಎವಿಎನ್‌ಆರ್‌ಟಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಜನರಿಗೆ ಗುಣವಾಗುತ್ತದೆ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲೂ ಇದನ್ನು ಮಾಡುತ್ತಾರೆ.

ಸಮಯ ಓಡುತ್ತಿದೆ, ಉಳಿದ ಕಾರಣಗಳನ್ನು ಬೇಗ ಬೇಗ ನೋಡೋಣ.

ಮೊದಲು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಆದ್ದರಿಂದ ಹಿಮೋಗ್ಲೋಬಿನ್, ಜೊತೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸದೆ ಟೆನ್ಶನ್ ಅನ್ನುವುದು ತಪ್ಪು. ಎದ್ದು ನಿಂತಾಗ ಮಾತ್ರ ಹೀಗಾಗುತ್ತದೆಯೇ? ನೀರು ಕಡಿಮೆಯಾಗಿರಬಹುದು, ಬಿಪಿ ಮಾತ್ರೆ ಜಾಸ್ತಿಯಾಗಿರಬಹುದು. ಬಿಪಿ ಬೀಳದೆಯೇ, ನಿಂತ 10 ನಿಮಿಷದೊಳಗೆ ನಾಡಿ ಮೊದಲಿದ್ದುದಕ್ಕಿಂತ 30ಕ್ಕೂ ಜಾಸ್ತಿ ಏರಿ ಹಾಗೇ ನಿಲ್ಲುತ್ತಿದ್ದರೆ, ತಿಂಗಳುಗಟ್ಟಲೆ ಇದೇ ಪಾಡಾಗಿದ್ದರೆ, ಪಾಟ್ಸ್ ಎಂಬ ತೊಂದರೆಯೂ ಇರಬಹುದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಶುಗರ್ ನೋಡಿಕೊಳ್ಳಿ. ಉಬ್ಬಸದ ಪಂಪ್, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆ, ಎನರ್ಜಿ ಡ್ರಿಂಕ್ ಕೂಡ ಬಡಿತ ಏರಿಸುತ್ತವೆ. ಕೋಣೆಯೇ ಗಿರ್ರಂತ ತಿರುಗಿದ ಹಾಗೆ ಅನ್ನಿಸಿ ಬಡಿತ ಸರಿ ಇದ್ದರೆ, ತೊಂದರೆ ಕಿವಿಯ ಕಡೆ ಇರುವ ಸಾಧ್ಯತೆ ಜಾಸ್ತಿ.

ನಾಡಿ ತಾಳವೇ ಇಲ್ಲದೆ ಅಡ್ಡಾದಿಡ್ಡಿ ಹೊಡೆದರೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುವ ತೊಂದರೆ ಇರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ನಮ್ಮ ದೇಶದಲ್ಲಿ ಚಿಕ್ಕಂದಿನ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಲ್ಲೂ ಇದು ಬರುತ್ತದೆ.

[ಪರದೆಯ ಮೇಲೆ: 108]

ಬಡಿತದ ಜೊತೆ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಉಸಿರು ಕಟ್ಟಿದರೆ, ಮೊದಲೇ ಹೃದಯದ ಕಾಯಿಲೆ ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಓಡುವಾಗ, ಆಡುವಾಗ ಕುಸಿದು ಬಿದ್ದವರನ್ನು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಆ ಮನೆಯವರನ್ನು ತಡಮಾಡದೆ ಹೃದಯ ತಜ್ಞರಿಗೆ ತೋರಿಸಿ. ಅಲ್ಲಿ ಕೆಳಗಿನ ಕೋಣೆಗಳಿಂದಲೇ ಏಳುವ ಅಪಾಯದ ಬಡಿತ ಇರಬಹುದು.

ಇಂಥದ್ದೇನೂ ಇಲ್ಲ, ಆದರೆ ಬಡಿತ ಬಂದು ಬಂದು ಹೋಗುತ್ತಿದೆ ಅನ್ನುವವರು ಹೀಗೆ ಮಾಡಿ. ಬಂದ ಕೂಡಲೇ ಕೂತುಕೊಳ್ಳಿ, ಗಾಡಿ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಮಣಿಕಟ್ಟಿನ ಮೇಲೆ ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಹೇಗೆ ಶುರುವಾಯಿತು, ತಾಳ ಸಮವಾಗಿತ್ತಾ, ಹೇಗೆ ನಿಂತಿತು ಅಂತ ಬರೆದಿಡಿ. ಮುಂದುವರಿದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋಗಿ, ದೊಡ್ಡ ಆಸ್ಪತ್ರೆ ಹುಡುಕುತ್ತಾ ಕೂರಬೇಡಿ. ಬೇರೆ ಯಾರನ್ನಾದರೂ ಗಾಡಿ ಓಡಿಸಲು ಹೇಳಿ. ಇಸಿಜಿ ತೆಗೆದ ಕೂಡಲೇ ಆ ಹಾಳೆಯ ಫೋಟೋವನ್ನು ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ. ವಾರ ಬಿಟ್ಟು ತಜ್ಞರ ಎದುರು ಕೂತಾಗ ನಿಮ್ಮ ನಾಡಿ 74 ಇದ್ದರೂ, ಅವರು ಆ ಫೋಟೋ ನೋಡಿ ಕಾರಣ ಹೇಳಬಲ್ಲರು.