ಯಂತ್ರ ಹಾಡಬಲ್ಲದು, ಕಾಯಬಲ್ಲದೇ?

ಕೇಳುಗರೆಲ್ಲರಿಗೂ ನಮಸ್ಕಾರ.

1951ರಲ್ಲಿ ಬಿಬಿಸಿ ರೇಡಿಯೋದವರು ಧ್ವನಿಮುದ್ರಣದ ಸಲಕರಣೆ ಹೊತ್ತುಕೊಂಡು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೋದರು. ಅಲ್ಲಿ ಅವರು ಮುದ್ರಿಸಿಕೊಂಡಿದ್ದು ಒಂದು ಕಂಪ್ಯೂಟರಿನ ಸಂಗೀತವನ್ನು. ಫೆರಾಂಟಿ ಮಾರ್ಕ್ 1 ಅಂತ ಅದರ ಹೆಸರು. ಕೆಲಸ ಎಲ್ಲಿಗೆ ಬಂತು ಅಂತ ಸಿಬ್ಬಂದಿಗೆ ತಿಳಿಸಲು ಅದಕ್ಕೊಂದು ಚಿಕ್ಕ ಸ್ಪೀಕರ್ ಇಟ್ಟಿದ್ದರು. ಆ ಸ್ಪೀಕರ್ 'ಟಕ್' ಅನ್ನುತ್ತಿತ್ತು, ಅಷ್ಟೇ. ಆದರೆ ಆ ಟಕ್ ಸದ್ದನ್ನು ತುಂಬಾ ವೇಗವಾಗಿ, ಒಂದೇ ಅಂತರದಲ್ಲಿ ಮತ್ತೆ ಮತ್ತೆ ಮಾಡಿಸಿದರೆ ಅದು ಸ್ವರವಾಗಿ ಕೇಳುತ್ತದೆ. ಇದನ್ನು ಗುರುತಿಸಿದವರು ಗಣಿತಜ್ಞ ಅಲನ್ ಟ್ಯೂರಿಂಗ್. ಆ ಸ್ವರಗಳನ್ನು ಸೇರಿಸಿ ಬ್ರಿಟನ್ನಿನ ರಾಷ್ಟ್ರಗೀತೆ ನುಡಿಸುವಂತೆ ಪ್ರೋಗ್ರಾಂ ಬರೆದವರು ಕ್ರಿಸ್ಟಫರ್ ಸ್ಟ್ರೇಚಿ ಎಂಬ ಶಾಲಾ ಶಿಕ್ಷಕರು.

ಆ ಧ್ವನಿಮುದ್ರಣ ಇವತ್ತಿಗೂ ಇದೆ. 2016ರಲ್ಲಿ ನ್ಯೂಜಿಲೆಂಡಿನ ಇಬ್ಬರು ಸಂಶೋಧಕರು ಅದನ್ನು ಶುದ್ಧಗೊಳಿಸಿದರು. ಮೂರು ತುಣುಕುಗಳಿವೆ. ಮೂರನೆಯದನ್ನು ನುಡಿಸುವಾಗ ಯಂತ್ರ ನಡುವೆಯೇ ನಿಂತುಬಿಡುತ್ತದೆ. "ಇದಕ್ಕೆ ಈಗ ಮನಸ್ಸಿಲ್ಲ ಅಂತ ಕಾಣುತ್ತೆ" ಎನ್ನುವ ಅರ್ಥದ ಮಾತು ಕೇಳುತ್ತದೆ, ಜೊತೆಗೆ ನಗು. ಸ್ವರ ಕೇಳಿದ ಕೂಡಲೇ ಆ ಯಂತ್ರಕ್ಕೆ ಒಂದು ಮನಸ್ಸಿದೆ ಅನ್ನುವ ಹಾಗೆ ಅಲ್ಲಿದ್ದವರು ಮಾತಾಡಿಬಿಟ್ಟರು. ಇವತ್ತು ನಿಮ್ಮ ಜೊತೆ ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ಯಂತ್ರಕ್ಕೆ ನಮ್ಮಂಥ ಪ್ರಜ್ಞೆ ಬರಬಹುದೇ? ಅದು ಸಂಗೀತ ಮಾಡಿ ನಮ್ಮನ್ನು ಕರಗಿಸಿದರೆ, ಅದರೊಳಗೂ ಏನೋ ಕರಗಿತು ಅಂತ ನಂಬಬಹುದೇ?

ಈ ಚರ್ಚೆಗೂ ಅದೇ ಮ್ಯಾಂಚೆಸ್ಟರ್‌ನ ನಂಟಿದೆ. ಅಲ್ಲಿನ ಹೆಸರಾಂತ ಮಿದುಳಿನ ಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್ 1949ರಲ್ಲಿ ಒಂದು ಉಪನ್ಯಾಸ ಕೊಟ್ಟರು. ಯಂತ್ರ ಒಂದು ಕವಿತೆಯನ್ನೋ ಸಂಗೀತವನ್ನೋ ರಚಿಸಲಿ, ಆದರೆ ತನಗೆ ಆದ ಭಾವನೆಯಿಂದ ರಚಿಸಲಿ. ರಚಿಸಿದ್ದು ತಾನೇ ಅಂತ ಅದಕ್ಕೆ ಗೊತ್ತಿರಲಿ. ಅಲ್ಲಿಯವರೆಗೆ ಅದು ಮಿದುಳಿಗೆ ಸಮ ಅಂತ ಒಪ್ಪಲಾರೆ ಎಂದರು. ಟ್ಯೂರಿಂಗ್ 1950ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಯಂತ್ರಕ್ಕೆ ಭಾವನೆ ಇದೆಯೋ ಇಲ್ಲವೋ ತಿಳಿಯಬೇಕಾದರೆ ನೀವೇ ಆ ಯಂತ್ರ ಆಗಬೇಕಾಗುತ್ತದೆ. ಹಾಗೆ ನೋಡಿದರೆ ಪಕ್ಕದ ಮನುಷ್ಯನಿಗೆ ಮನಸ್ಸಿದೆ ಅನ್ನುವುದಕ್ಕೂ ಪುರಾವೆ ಇಲ್ಲ. ಇದೆ ಅಂತ ನಾವು ಸೌಜನ್ಯಕ್ಕೆ ಒಪ್ಪಿಕೊಂಡಿದ್ದೇವೆ. ಇದು ಟ್ಯೂರಿಂಗ್ ವಾದ. ಜೆಫರ್ಸನ್ ಹೇಳಿದ್ದು ನನ್ನ ಮನಸ್ಸಿಗೆ ಹತ್ತಿರ. ಆದರೂ ಟ್ಯೂರಿಂಗ್ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ.

1957ರ ಹೊತ್ತಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಇಲಿಯಾಕ್ ಕಂಪ್ಯೂಟರ್ ನಾಲ್ಕು ತಂತಿವಾದ್ಯಗಳಿಗೆ ಒಂದು ರಚನೆಯನ್ನೇ ಮಾಡಿಕೊಟ್ಟಿತು.  ಆದರೆ ಹೆಚ್ಚು ಗಾಬರಿ ಹುಟ್ಟಿಸಿದ್ದು ಮುಂದೆ ಡೇವಿಡ್ ಕೋಪ್ ಬರೆದ ಪ್ರೋಗ್ರಾಂ.

ಕೋಪ್ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಪ್ರಾಧ್ಯಾಪಕರಾಗಿದ್ದವರು, ಸ್ವತಃ ರಚನಕಾರರಾಗಿದ್ದವರು. 1981ರ ಸುಮಾರಿಗೆ ಒಂದು ಆಪೆರಾ ಬರೆಯಲು ಒಪ್ಪಿಕೊಂಡು, ಏನೂ ಹೊಳೆಯದೆ ಕೂತುಬಿಟ್ಟರು. ನನ್ನ ಶೈಲಿಯನ್ನು ಕಂಪ್ಯೂಟರಿಗೆ ಕಲಿಸಿದರೆ ಮುಂದಿನ ಸ್ವರ ಅದೇ ಸೂಚಿಸಬಹುದಲ್ವಾ ಅಂತ ಪ್ರೋಗ್ರಾಂ ಬರೆಯಲು ಕೂತರು. ಅದು ಬೆಳೆದು 'ಎಮಿ' ಅನ್ನುವ ಹೆಸರು ಪಡೆಯಿತು. ಎಮಿ ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳಬಹುದು. ಬಾಖ್‌ನಂಥ ಒಬ್ಬ ರಚನಕಾರನ ಕೃತಿಗಳನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತಿತ್ತು. ಯಾವ ತುಂಡಿನ ನಂತರ ಎಂಥ ತುಂಡು ಬರುತ್ತದೆ, ಯಾವ ಸ್ವರಗುಚ್ಛ ಅವನ ಸಹಿಯ ಹಾಗೆ ಮತ್ತೆ ಮತ್ತೆ ಬರುತ್ತದೆ ಅಂತ ಗುರುತಿಸುತ್ತಿತ್ತು. ಆಮೇಲೆ ಆ ನಿಯಮಕ್ಕೆ ತಕ್ಕಂತೆ ಹೊಸದಾಗಿ ಜೋಡಿಸುತ್ತಿತ್ತು.

1997ರಲ್ಲಿ ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ನಡೆಯಿತು. ಬಾಖ್‌ನ ಒಂದು ಅಸಲಿ ರಚನೆ, ಎಮಿ ಬಾಖ್ ಶೈಲಿಯಲ್ಲಿ ಮಾಡಿದ್ದು, ಅದೇ ಶೈಲಿಯಲ್ಲಿ ಅಲ್ಲಿನ ಪ್ರಾಧ್ಯಾಪಕ ಸ್ಟೀವ್ ಲಾರ್ಸನ್ ಬರೆದದ್ದು, ಹೀಗೆ ಮೂರನ್ನು ನುಡಿಸಿ ಯಾವುದು ಯಾರದ್ದು ಅಂತ ಸಭಿಕರನ್ನು ಕೇಳಿದರು. ಸಭಿಕರು ಎಮಿಯ ರಚನೆಯನ್ನು ಬಾಖ್‌ನದು ಎಂದರು. ಲಾರ್ಸನ್ ಬರೆದದ್ದನ್ನು ಕಂಪ್ಯೂಟರಿನದು ಎಂದರು! ಬದುಕಿಡೀ ಸಂಗೀತ ಕಲಿತು ಕಲಿಸಿದ ಮನುಷ್ಯನಿಗೆ ಆಗ ಎಷ್ಟು ನೋವಾಗಿರಬೇಕು.

ಡಗ್ಲಸ್ ಹಾಫ್‌ಸ್ಟಾಟರ್ ಎಂಬ ಚಿಂತಕರಿಗೂ ಇದು ದೊಡ್ಡ ಪೆಟ್ಟಾಯಿತು. ನಮ್ಮನ್ನು ಅಲುಗಿಸುವ ಸಂಗೀತ ಮಾಡಬೇಕಾದರೆ ಯಂತ್ರವೂ ಲೋಕದಲ್ಲಿ ತಾನೇ ಅಲೆಯಬೇಕು, ಸುಖ ದುಃಖ ಪಡಬೇಕು ಅಂತ ಅವರು 1979ರಲ್ಲಿ ಬರೆದಿದ್ದರು. ಎಮಿ ಶೋಪಾನ್ ಎಂಬ ಇನ್ನೊಬ್ಬ ರಚನಕಾರನ ಶೈಲಿಯಲ್ಲಿ ಮಾಡಿದ ಒಂದು ರಚನೆಯನ್ನು ಪಿಯಾನೋ ಮೇಲೆ ತಾವೇ ನುಡಿಸಿ ನೋಡಿದಾಗ ಅದು ಚೆನ್ನಾಗಿಯೇ ಇತ್ತು. ಎಮಿ ಎಲ್ಲಿಯೂ ಅಲೆದಿರಲಿಲ್ಲ. ಹಾಗಾದರೆ ಸಂಗೀತದ ಆಳ ಅಂತ ನಾವು ನಂಬಿದ್ದು ಸುಳ್ಳೇ ಅನ್ನುವ ಚಿಂತೆ ಅವರನ್ನು ಹಿಡಿಯಿತು.

ನನಗೆ ಹಾಗೆ ಅನಿಸುವುದಿಲ್ಲ. ಓರೆಗಾನ್‌ನ ಆ ಸಭೆಯಲ್ಲಿ ಭಾವನೆ ಇರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಕೇಳುತ್ತಾ ಕೂತವರ ಒಳಗೆ ಇತ್ತು.

ಕೇಳುವವರ ಒಳಗೆ ಏನಾಗುತ್ತದೆ ಅನ್ನುವುದು ಈಗ ಸ್ವಲ್ಪ ಗೊತ್ತಾಗಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಬರ್ಟ್ ಝಟೋರೆ ಮತ್ತು ಜೊತೆಗಾರರು ಸಂಗೀತ ಕೇಳಿ ಮೈ ಜುಮ್ಮೆನ್ನುವ ಗಳಿಗೆಯನ್ನೇ ಹಿಡಿದು ಅಭ್ಯಾಸ ಮಾಡಿದರು. 2011ರಲ್ಲಿ ಅವರ ತಂಡ ಪ್ರಕಟಿಸಿದ ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಆ ಗಳಿಗೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ. ಹಸಿದಾಗ ಊಟ ಸಿಕ್ಕರೆ ಕೆಲಸ ಮಾಡುವುದೂ ಇದೇ ರಾಸಾಯನಿಕ. ಆದರೆ ಅದು ಎರಡು ಸಲ, ಎರಡು ಜಾಗದಲ್ಲಿ ಆಗುತ್ತದೆ. ಜುಮ್ಮೆಂದಾಗ ಒಂದು ಭಾಗದಲ್ಲಿ. ಅದಕ್ಕೂ ಕೆಲವು ಸೆಕೆಂಡು ಮೊದಲು, ಇನ್ನೇನು ಬರುತ್ತದೆ ಅಂತ ಕಾಯುವಾಗ, ಇನ್ನೊಂದು ಭಾಗದಲ್ಲಿ. ಕಾಯುವುದಕ್ಕೂ ಮಿದುಳಿನಲ್ಲಿ ಒಂದು ಸುಖ ಇದೆ.

ನಮ್ಮ ಸಂಗೀತ ಕೇಳುವವರಿಗೆ ಇದು ಮೈಗೇ ಗೊತ್ತಿರುವ ವಿಷಯ. ಗಾಯಕರು ವಿಲಂಬಿತದಲ್ಲಿ ಒಂದೊಂದೇ ಸ್ವರ ಬೆಳೆಸುತ್ತಾ ನಿಷಾದಕ್ಕೆ ಬರುತ್ತಾರೆ. ಅಲ್ಲೇ ನಿಲ್ಲುತ್ತಾರೆ. ಮೇಲಿನ ಷಡ್ಜ ಇಲ್ಲೇ ಇದೆ, ಕೈಗೆಟುಕುವಷ್ಟು ಹತ್ತಿರ ಇದೆ. ಹೋಗುವುದಿಲ್ಲ. ಮತ್ತೆ ಕೆಳಗೆ ಇಳಿಯುತ್ತಾರೆ, ಧೈವತ ಮುಟ್ಟುತ್ತಾರೆ, ಮತ್ತೆ ನಿಷಾದ. ಸಭೆಯೆಲ್ಲ ಉಸಿರು ಹಿಡಿದು ಕೂತಿರುತ್ತದೆ. ಕೊನೆಗೆ ಷಡ್ಜ ಹಚ್ಚಿದಾಗ 'ಆಹಾ' ಅನ್ನುತ್ತೇವಲ್ಲ, ಆ ಆಹಾಕಾರದ ಅರ್ಧ ಪಾಲು ಷಡ್ಜದ್ದಲ್ಲ. ಕಾದಿದ್ದರದ್ದು.

ಈಗಿನ ಎಐ ಸಂಗೀತ ಸಾಫ್ಟ್‌ವೇರ್‌ಗಳು ಎಮಿಗಿಂತ ಬಹಳ ಮುಂದಿವೆ. ರಾಶಿ ರಾಶಿ ಧ್ವನಿಮುದ್ರಣಗಳಿಂದ ಕಲಿಯುತ್ತವೆ. ಕಲಿಸುವ ಒಂದು ಮುಖ್ಯ ಬಗೆ ಹೀಗಿದೆ. ಇಷ್ಟು ಸಂಗೀತ ಕೇಳಿಸಿ, ಮುಂದೆ ಏನು ಬರಬಹುದು ಊಹಿಸು ಅಂತ ಬಿಡುತ್ತಾರೆ. ಊಹೆ ತಪ್ಪಿದರೆ ಎಷ್ಟು ತಪ್ಪಿತು ಅಂತ ಲೆಕ್ಕ ಹಾಕಿ ಒಳಗಿನ ಅಂಕಿಗಳನ್ನು ತುಸು ಬದಲಿಸುತ್ತಾರೆ. ಇದನ್ನು ಲಕ್ಷಾಂತರ ಸಲ ಮಾಡುತ್ತಾರೆ. ಅಂದರೆ ನಾವು ಮಾಡುವ ಊಹೆಯ ಕೆಲಸವನ್ನು ಅದೂ ಮಾಡುತ್ತದೆ, ಬಹುಶಃ ನಮಗಿಂತ ಚೆನ್ನಾಗಿ. ಆದರೆ ಊಹಿಸುವುದು ಬೇರೆ, ಕಾಯುವುದು ಬೇರೆ. ಕಾಯುವವನಿಗೆ ಒಂದು ಮೈ ಇರುತ್ತದೆ. ಆ ಮೈಗೆ ಹಸಿವು, ದಣಿವು, ಸಾವಿನ ಭಯ ಎಲ್ಲ ಇವೆ. ಷಡ್ಜ ಬಾರದಿದ್ದರೆ ಅವನಿಗೆ ಏನೋ ಕಳೆದ ಹಾಗಾಗುತ್ತದೆ. ಯಂತ್ರಕ್ಕೆ ಷಡ್ಜ ಬಂದರೂ ಬಾರದಿದ್ದರೂ ನಷ್ಟವಿಲ್ಲ. ಇವತ್ತಿನ ಯಂತ್ರಗಳಲ್ಲಿ ಪ್ರಜ್ಞೆ ಇದೆ ಅಂತ ನಾನು ನಂಬದಿರುವುದು ಈ ಕಾರಣಕ್ಕೆ.

ಮುಂದೆ ಎಂದೂ ಬಾರದು ಅಂತ ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಏಕೆಂದರೆ ನಮ್ಮ ಪ್ರಜ್ಞೆ ಎಲ್ಲಿಂದ ಬಂತು ಅನ್ನುವುದೇ ತಿಳಿದಿಲ್ಲ. 1998ರಲ್ಲಿ ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕಾಖ್ ಮತ್ತು ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಒಂದು ಪಣ ಕಟ್ಟಿದರು. ಮಿದುಳಿನಲ್ಲಿ ಪ್ರಜ್ಞೆಯ ಸ್ಪಷ್ಟ ಗುರುತು 25 ವರ್ಷದೊಳಗೆ ಸಿಗುತ್ತದೆ ಅಂತ ಕಾಖ್ ಹೇಳಿದರು. ಸಿಗುವುದಿಲ್ಲ ಅಂತ ಚಾಮರ್ಸ್. 2023ರಲ್ಲಿ ಕಾಖ್ ಸೋಲು ಒಪ್ಪಿಕೊಂಡು ವೈನ್ ಕೊಟ್ಟರು. ಅಸಲು ಯಾವುದು ಅಂತ ತಿಳಿಯದೆ ನಕಲು ಸರಿಯಾಗಿದೆಯೋ ಇಲ್ಲವೋ ಹೇಗೆ ಹೇಳುವುದು?

ಸಂಗೀತ ಮನಸ್ಸಿಗೆ ಏನು ಮಾಡುತ್ತದೆ ಅನ್ನುವ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ರಾಗಕ್ಕೆ ಬಿ.ಪಿ. ಇಳಿಯುತ್ತದೆ, ಆ ರಾಗಕ್ಕೆ ಸಕ್ಕರೆ ಕಾಯಿಲೆ ಹೋಗುತ್ತದೆ ಅನ್ನುವ ಸಂದೇಶಗಳು ಮೊಬೈಲ್‌ನಲ್ಲಿ ಜಾಸ್ತಿ ಓಡಾಡುತ್ತವೆ. ದಯವಿಟ್ಟು ಅವನ್ನು ನಂಬಿ ಮಾತ್ರೆ ಬಿಡಬೇಡಿ. ಅಮೆರಿಕದಲ್ಲೂ ಹೀಗೇ ಆಗಿತ್ತು. ಮೊಜಾರ್ಟ್ ಕೇಳಿದ ಕಾಲೇಜು ಹುಡುಗರು ಒಂದು ಬಗೆಯ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷ ತುಸು ಚುರುಕಾಗಿದ್ದರು ಅಂತ 1993ರಲ್ಲಿ ಪ್ರಕಟವಾಯಿತು. ಅಷ್ಟಕ್ಕೇ ಕೂಸುಗಳಿಗೆ ಸಂಗೀತದ ಸಿ.ಡಿ. ಹಂಚುವ ತನಕ ಹೋಯಿತು ಆ ಸುದ್ದಿ.

ಗಟ್ಟಿಯಾಗಿ ನಿಂತಿರುವ ವಿಷಯಗಳು ಬೇರೆ ಇವೆ. ಲಕ್ವ ಹೊಡೆದು ಮಾತು ನಿಂತ ಕೆಲವರಿಗೆ 'ನೀರು ಬೇಕು' ಅನ್ನಲು ಆಗುವುದಿಲ್ಲ, ಆದರೆ ಗೊತ್ತಿರುವ ಹಾಡನ್ನು ಶಬ್ದಗಳ ಸಮೇತ ಹಾಡುತ್ತಾರೆ. ಇದನ್ನೇ ಬಳಸಿ, ಮಾತನ್ನು ರಾಗವಾಗಿ ಹೇಳಿಸುತ್ತಾ ಮಾತಿಗೆ ಮರಳಿಸುವ ಚಿಕಿತ್ಸೆಯನ್ನು 1970ರ ದಶಕದಲ್ಲಿ ಬಾಸ್ಟನ್‌ನಲ್ಲಿ ರೂಪಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸಂಗೀತ ಮತ್ತು ಮಿದುಳಿನ ಅಭ್ಯಾಸಕ್ಕೆಂದೇ ಪ್ರಯೋಗಾಲಯ ಇದೆ.

ಇನ್ನು ಕ್ಲೈವ್ ವೇರಿಂಗ್ ಅವರ ಕತೆ. ಅವರು ಬಿಬಿಸಿಯಲ್ಲಿದ್ದ ಸಂಗೀತಗಾರರು, ಗಾಯನ ತಂಡಗಳನ್ನು ನಡೆಸುತ್ತಿದ್ದವರು. 1985ರಲ್ಲಿ ಒಂದು ವೈರಸ್ ಅವರ ಮಿದುಳಿಗೆ ಹೊಕ್ಕಿತು. ಅಂದಿನಿಂದ ಅವರಿಗೆ ಹೊಸ ನೆನಪು ಅರ್ಧ ನಿಮಿಷ ನಿಲ್ಲುವುದೂ ಕಷ್ಟ. ಡೈರಿಯಲ್ಲಿ 'ಈಗ ತಾನೆ ಮೊದಲ ಸಲ ಎಚ್ಚರವಾಯಿತು' ಎಂಬ ಅರ್ಥದ ಸಾಲು ಬರೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದನ್ನು ಹೊಡೆದುಹಾಕಿ ಮತ್ತೆ ಅದೇ ಸಾಲು. ಆದರೆ ಪಿಯಾನೋ ಮುಂದೆ ಕೂರಿಸಿದರೆ ನುಡಿಸುತ್ತಿದ್ದರು. ಹಿಂದಿನ ನಿಮಿಷ ನೆನಪಿಲ್ಲದವರು ಒಂದು ರಚನೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಹೆಂಡತಿ ಬಾಗಿಲು ತೆರೆದು ಬಂದಾಗಲೆಲ್ಲ ವರ್ಷಗಳ ನಂತರ ಸಿಕ್ಕವರಂತೆ ಅಪ್ಪಿಕೊಳ್ಳುತ್ತಿದ್ದರು. ಕಂಪ್ಯೂಟರಿನ ಹತ್ತಿರ ಇರುವುದೆಲ್ಲ ನೆನಪು. ಈ ಮನುಷ್ಯನ ಹತ್ತಿರ ಇಲ್ಲದಿರುವುದೂ ಅದೇ. ಆದರೂ ಇಬ್ಬರಲ್ಲಿ ಯಾರಿಗೆ ಪ್ರಜ್ಞೆ ಇದೆ ಅಂತ ಕೇಳಿದರೆ ನಮಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಪ್ರಜ್ಞೆ ಅಂದರೆ ಮಾಹಿತಿಯ ಉಗ್ರಾಣ ಅಂತ ತಿಳಿದವರು ಇವರ ಕಡೆ ಒಮ್ಮೆ ನೋಡಬೇಕು.

ಕೊನೆಯದಾಗಿ ನಮ್ಮ ಗದಗಿನ ವಿಷಯ. ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಒಂದು ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿದ. ಹೀಗೆ ಹಾಡಬೇಕು ಅಂತ ಹಟ ಹಿಡಿದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್ ಕಡೆ ಹೋದ, ಜಲಂಧರ್ ತನಕ ಹೋದ. ಕೊನೆಗೆ ಗುರು ಸಿಕ್ಕಿದ್ದು ಗದಗಿನಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು.

ಗ್ರಾಮಫೋನ್ ತಟ್ಟೆಗೆ ಪ್ರಜ್ಞೆ ಇರಲಿಲ್ಲ. ಅದು ಹುಡುಗನನ್ನು ಮನೆ ಬಿಡಿಸಿತು. ಹಾಗಾಗಿ ನಾಳೆ ಯಂತ್ರ ಮಾಡಿದ ಹಾಡು ನಿಮ್ಮ ಕಣ್ಣಲ್ಲಿ ನೀರು ತರಿಸಿದರೆ ಅದರಲ್ಲಿ ಆಶ್ಚರ್ಯವೂ ಇಲ್ಲ, ನಾಚಿಕೆಯೂ ಬೇಡ. ಆ ಕಣ್ಣೀರು ನಿಮ್ಮದು, ನಿಜವಾದದ್ದು. ಆದರೆ ತಟ್ಟೆಯ ಹಿಂದೆ ಹುಡುಕಿ ಹೊರಟವನಿಗೆ ಒಬ್ಬ ಗಾಯಕ ಇದ್ದ, ಅವನ ಶಿಷ್ಯ ಇದ್ದ, ಹೋಗಿ ಕಾಲಿಗೆ ಬೀಳಲು ಒಂದು ಮನೆ ಇತ್ತು. ಈಗ ಹಾಡು ಕೇಳಿ ಹೊರಡುವ ಮಗುವಿಗೂ ಅಷ್ಟು ತಿಳಿಯುವ ಹಕ್ಕಿದೆ ಅಂತ ನನ್ನ ಬಲವಾದ ಅಭಿಪ್ರಾಯ. ಹಾಡನ್ನು ಪ್ರಸಾರ ಮಾಡುವವರು, ಮೊಬೈಲ್ ಆ್ಯಪ್‌ಗಳಲ್ಲಿ ಹಾಕುವವರು, ಹಾಡಿದ್ದು ಮನುಷ್ಯನೋ ಯಂತ್ರವೋ ಅಂತ ಪ್ರತಿ ಹಾಡಿನ ಜೊತೆ ಹೇಳಬೇಕು. ಯಂತ್ರವಾದರೆ ಯಾರ ಯಾರ ಹಾಡಿನಿಂದ ಅದು ಕಲಿಯಿತು ಅಂತಲೂ ಹೇಳಬೇಕು. ಕೇಳುಗರಾದ ನಾವು ಇದನ್ನು ಈಗಿನಿಂದಲೇ ಕೇಳೋಣ.

ನಮಸ್ಕಾರ.