ಟಿಎಯಿಂದ ಹೊರಬರುವ ಮುಂಚೆ ಆಸ್ಪತ್ರೆ ಖರ್ಚಿನ ಯೋಚನೆ

ಎಲ್ಲರಿಗೂ ನಮಸ್ಕಾರ.

ಕೊಡಗಿನವರಿಗೆ ಫೌಜಿನ ಬಗ್ಗೆ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೆ ಟಿಎ, ಅಂದರೆ ಪ್ರಾದೇಶಿಕ ಸೇನೆಯವರ ಲೆಕ್ಕ ಸ್ವಲ್ಪ ಬೇರೆ. ಕೆಲವು ಕಾಲ ಯೂನಿಫಾರ್ಮ್, ಉಳಿದ ಕಾಲ ತೋಟವೋ ನೌಕರಿಯೋ. ಪಕ್ಕದ ಮನೆಯ ರೆಗ್ಯುಲರ್ ಸುಬೇದಾರರಿಗೆ ಸಿಕ್ಕಿದ್ದು ತನಗೂ ತಾನಾಗೇ ಬರುತ್ತದೆ ಅಂದುಕೊಂಡು ಕೂತವರು ಬಹಳ ಜನ.

ಮೊದಲು ನೋಡಬೇಕಾದದ್ದು ಪಿಂಚಣಿ. ಜವಾನರಿಗೂ ಜೆಸಿಒಗಳಿಗೂ, ಅಂದರೆ ಸುಬೇದಾರ್ ದರ್ಜೆಯವರಿಗೂ 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಎಂಬಾಡಿಡ್ ಸೇವೆ, ಅಂದರೆ ಕರೆ ಬಂದು ಡ್ಯೂಟಿಯಲ್ಲಿದ್ದ ಕಾಲ ಬೇಕು. ಭರ್ತಿಯಾದ ದಿನದಿಂದ ಬೆರಳು ಮಡಚಿ ಎಣಿಸಬೇಡಿ. ಊರಲ್ಲಿ ಕಾಫಿ ಕೊಯ್ಲು ಮಾಡಿಸುತ್ತಿದ್ದ ತಿಂಗಳುಗಳು ಅದರಲ್ಲಿ ಸೇರುವುದಿಲ್ಲ. ಸೇವೆಯ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಲೆಕ್ಕವನ್ನು ಕಾಗದದಲ್ಲೇ ತರಿಸಿಕೊಳ್ಳಿ.

ಪಿಂಚಣಿ ಇದ್ದರೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. 2003ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ. ಒಮ್ಮೆ ದುಡ್ಡು ಕಟ್ಟಿದರೆ ಜೀವನಪೂರ್ತಿ ನಡೆಯುತ್ತದೆ. 2017ರ ಕೊನೆಗೆ ನಿಗದಿಯಾದ ದರದ ಪ್ರಕಾರ ಹವಾಲ್ದಾರ್‌ವರೆಗೆ 30,000, ಜೆಸಿಒಗಳಿಗೆ 67,000, ಅಧಿಕಾರಿಗಳಿಗೆ 1,20,000 ರೂಪಾಯಿ. ಹಳೇ ಶುಗರ್, ಬಿಪಿ ಇದೆ ಅಂತ ಯಾರೂ ಹೊರಗಿಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇದು ಸಿಗುವವರು ಖಾಸಗಿ ಪಾಲಿಸಿ ಹುಡುಕುತ್ತಾ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಂದರೆ ಇರುವುದು ನಮ್ಮ ರಸ್ತೆಯಲ್ಲಿ. ಈ ಯೋಜನೆಯ ಪಾಲಿಕ್ಲಿನಿಕ್ ಮಡಿಕೇರಿಯಲ್ಲೂ ಇದೆ, ವಿರಾಜಪೇಟೆಯಲ್ಲೂ ಇದೆ. ಅಲ್ಲಿಂದ ರೆಫರಲ್ ಬರೆಸಿಕೊಂಡು ದೊಡ್ಡ ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಮಂಗಳೂರಿಗೆ ಇಳಿಯುವ ಸಂಪಾಜೆ ಕಡೆಯ ರಸ್ತೆ ಕುಸಿದಾಗ ಏನಾಯಿತು ಅಂತ ನಿಮಗೇ ಗೊತ್ತು. ಅದಕ್ಕೇ ಎರಡೂ ಕಡೆ ಯೋಜನೆಯ ಪಟ್ಟಿಯಲ್ಲಿರುವ ಒಂದೊಂದು ಆಸ್ಪತ್ರೆಯ ಹೆಸರು ಬರೆದಿಟ್ಟುಕೊಳ್ಳಿ. ಪಟ್ಟಿ ಬದಲಾಗುತ್ತಿರುತ್ತದೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ವಿಚಾರಿಸಿ. ಎದೆನೋವು, ಅಪಘಾತ ಅಂಥ ತುರ್ತಿನಲ್ಲಿ ರೆಫರಲ್‌ಗೆ ಕಾಯಬೇಕಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೇ ಸೇರಿಸಬೇಕಾಯಿತೋ, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಬಿಲ್ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಸರ್ಕಾರಿ ದರದಷ್ಟು ಮಾತ್ರ ವಾಪಸ್ ಬರುತ್ತದೆ. ಈ 48 ಗಂಟೆ ವಿಷಯ ಮನೆಯ ಹೆಂಗಸರಿಗೂ ಗೊತ್ತಿರಲಿ. ಹಾಸಿಗೆಯಲ್ಲಿ ಮಲಗಿದವರು ಫೋನ್ ಮಾಡೋಕಾಗಲ್ಲ ಅಲ್ವಾ?

ಇನ್ನು ಮಕ್ಕಳು. ಮಗನಿಗೆ 25 ತುಂಬಿದರೆ, ಅದಕ್ಕೂ ಮುಂಚೆ ಸಂಪಾದನೆಯೋ ಮದುವೆಯೋ ಆದರೆ, ಅವನು ಈ ಕಾರ್ಡಿನಿಂದ ಹೊರಗೆ. ಅವನಿಗೆ ಅವನದೇ ಪಾಲಿಸಿ ಬೇಕು. ಆ ವಯಸ್ಸಿಗೆ ಪ್ರೀಮಿಯಂ ಕಡಿಮೆಯೇ.

ಪಿಂಚಣಿ ಇಲ್ಲದವರು ಖಾಸಗಿ ವಿಮೆ ನೋಡಲೇಬೇಕು, ಅದೂ ಬೇಗ. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು 36 ತಿಂಗಳವರೆಗೆ ಕಾಯಿಸಬಹುದು. ಅರವತ್ತಕ್ಕೆ ಪಾಲಿಸಿ ಮಾಡಿಸಿದರೆ ಅರವತ್ತಮೂರರವರೆಗೆ ಆ ಕಾಯಿಲೆಯ ಖರ್ಚು ನಿಮ್ಮದೇ ಆಗಬಹುದು. ಕೈಯಲ್ಲಿ ನೌಕರಿಯ ಗುಂಪು ವಿಮೆ ಇದ್ದರೆ, ಬಿಡುವ ಮುಂಚೆಯೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಿ. ಅಲ್ಲಿ ಕಾದ ಕಾಲ ಇಲ್ಲಿಗೂ ಸೇರುತ್ತದೆ.

ಎಷ್ಟು ಲಕ್ಷದ ಪಾಲಿಸಿ ಅಂತ ಎಲ್ಲರೂ ಕೇಳುತ್ತಾರೆ. ರೂಮ್ ಬಾಡಿಗೆಯ ಮಿತಿ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಮಿತಿ ದಿನಕ್ಕೆ 5,000 ಇದ್ದು ನೀವು 10,000ದ ರೂಮ್ ಹಿಡಿದರೆ, ಬಾಡಿಗೆಯ ವ್ಯತ್ಯಾಸ ಕಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ. ಬಹಳ ಪಾಲಿಸಿಗಳಲ್ಲಿ ಆಪರೇಷನ್, ಡಾಕ್ಟರ್ ಫೀಸನ್ನೂ ಅದೇ ಅಳತೆಯಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅಂತ ನಾನು ಹೇಳುತ್ತೇನೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ, ಏಜೆಂಟ್ ಹೇಳಿದರೂ ಸರಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಟೈಮಿದೆ. ಓದಿ, ಇಷ್ಟವಾಗದಿದ್ದರೆ ವಾಪಸ್ ಕೊಡಿ.

ಸಹಕಾರ ಸಂಘದ ಸದಸ್ಯರು ತಮಗಾಗಿ ಇರುವ ರಾಜ್ಯದ ಆರೋಗ್ಯ ಯೋಜನೆ ಯಶಸ್ವಿನಿಯನ್ನೂ ವಿಚಾರಿಸಿ, ಅದರ ನೋಂದಣಿಗೆ ಕೊನೆ ದಿನಾಂಕ ಇರುತ್ತದೆ. ಎಪ್ಪತ್ತು ದಾಟಿದವರಿಗೆ ಆಯುಷ್ಮಾನ್‌ನ 5 ಲಕ್ಷದ ಕಾರ್ಡ್ ಅಂತ 2024ರಲ್ಲಿ ಕೇಂದ್ರ ಹೇಳಿತಲ್ಲ, ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು.

ಡಿಸ್ಚಾರ್ಜ್ ಕಾಗದ, ಹಳೇ ಪಾಲಿಸಿ ತಂದವರು ಕಾಫಿ ಆದ ಮೇಲೆ ಮುಂದಿನ ಸಾಲಿಗೆ ಬನ್ನಿ, ಒಂದೊಂದಾಗಿ ನೋಡೋಣ.