ಬಾಗಿಲು ಹಾಕಿದ ಮೇಲಿನ ಮಾತು

ಕೇಳುಗರೇ, ನಮಸ್ಕಾರ.

ನಗರಕ್ಕೆ ಒಂದು ದೈತ್ಯ ಅಂಗಡಿ ಬರುತ್ತದೆ ಅಂದ ಕೂಡಲೇ ಜನ ಎರಡು ಪಾಲಾಗುತ್ತಾರೆ. ಸಾಮಾನು ಅಗ್ಗವಾಗುತ್ತದೆ, ಬರಲಿ ಅನ್ನುವವರು ಕೆಲವರು. ಸಣ್ಣ ವ್ಯಾಪಾರಿಗಳ ಹೊಟ್ಟೆ ಮೇಲೆ ಹೊಡೆಯುತ್ತದೆ, ಬೇಡ ಅನ್ನುವವರು ಕೆಲವರು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಪರವಾನಗಿ ಕೊಡುವವರು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಅಂಗಡಿ ಬಾಗಿಲು ಹಾಕಿಕೊಂಡು ಹೋದರೆ ಮುಂದೇನು?

ಇದು ಸುಮ್ನೆ ಅಪಶಕುನ ನುಡಿಯುವ ಮಾತಲ್ಲ. 2016ರ ಜನವರಿಯಲ್ಲಿ ವಾಲ್‌ಮಾರ್ಟ್ ಒಂದೇ ಏಟಿಗೆ 269 ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿತು. ಅದರಲ್ಲಿ 154 ಅಮೆರಿಕದಲ್ಲೇ ಇದ್ದವು. ನಾರ್ತ್ ಕ್ಯಾರೊಲಿನಾದ ಓರಿಯೆಂಟಲ್ ಅನ್ನುವ ಪುಟ್ಟ ಊರಿನ ಅಂಗಡಿಯೂ ಆ ಪಟ್ಟಿಯಲ್ಲಿತ್ತು. ಅದು ತೆರೆದು ಎರಡು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲಿ ಊರಿನ ಹಳೆಯ ದಿನಸಿ ಅಂಗಡಿ ಪೈಪೋಟಿ ತಾಳಲಾರದೆ ಮುಚ್ಚಿಹೋಗಿತ್ತು. ಆಮೇಲೆ ದೊಡ್ಡದೂ ಗಂಟುಮೂಟೆ ಕಟ್ಟಿತು. ಊರಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಖಾಲಿ ಬಿದ್ದ ಇಂಥ ಕಟ್ಟಡ ನೋಡಿದ್ದೀರಾ? ಹೊರಗಿಂದ ಡಬ್ಬದ ಥರ ಕಾಣುವುದರಿಂದಲೇ ಇವಕ್ಕೆ 'ಬಿಗ್ ಬಾಕ್ಸ್' ಅನ್ನುವ ಹೆಸರು. ಉದ್ದಕ್ಕೆ ಕಿಟಕಿಯಿಲ್ಲದ ಗೋಡೆ. ಹೆಸರಿನ ಅಕ್ಷರ ಕಿತ್ತುಹಾಕಿದ್ದರೂ ಅದರ ಅಚ್ಚು ಹಾಗೇ ಉಳಿದಿರುತ್ತದೆ, ಬಿಸಿಲು ತಾಗದ ಆ ಜಾಗದ ಬಣ್ಣವೇ ಬೇರೆ. ಮುಂದೆ ನೂರಾರು ಕಾರು ನಿಲ್ಲುವ ಡಾಂಬರು ಬಯಲು, ಅದರ ಬಿರುಕಿನಲ್ಲಿ ಹುಲ್ಲು. ಅಷ್ಟು ಅಗಲದ ಕಟ್ಟಡವನ್ನು ಬಾಡಿಗೆಗೆ ಹಿಡಿಯುವವರು ಯಾರು? ಇನ್ನೊಬ್ಬ ದೈತ್ಯ ವ್ಯಾಪಾರಿ, ಅಷ್ಟೇ.

ಆದರೆ ಅವನೂ ಬರದ ಹಾಗೆ ಮಾಡುವ ದಾರಿಯಿದೆ. ಬಿಟ್ಟುಹೋಗುವ ಅಂಗಡಿಯವರು ಜಾಗ ಮಾರುವಾಗ ಕ್ರಯಪತ್ರದಲ್ಲೇ ಒಂದು ಷರತ್ತು ಬರೆಸುತ್ತಾರೆ: ಇಲ್ಲಿ ನಮ್ಮಂಥದೇ ವ್ಯಾಪಾರ ನಡೆಸಕೂಡದು. ಷರತ್ತು ಬಿದ್ದ ಮೇಲೆ ಕಟ್ಟಡ ಕಡಿಮೆ ಬೆಲೆಗೆ ಹೋಗುತ್ತದೆ. ಮಜಾ ಇರುವುದು ಇನ್ನು ಮುಂದೆ. ಮಿಷಿಗನ್, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಚೆನ್ನಾಗಿ ನಡೆಯುತ್ತಿರುವ ಅಂಗಡಿಗಳವರೇ ಆಸ್ತಿ ತೆರಿಗೆಯ ವಿಚಾರದಲ್ಲಿ ತಕರಾರು ಹೂಡಿದರು. ಅಗೋ, ಆ ಖಾಲಿ ಕಟ್ಟಡ ಎಷ್ಟಕ್ಕೆ ಮಾರಾಟವಾಯಿತೋ ನಮ್ಮದಕ್ಕೂ ಅದೇ ಬೆಲೆ ಕಟ್ಟಿ ಅನ್ನುವುದು ಅವರ ವಾದ. ಇದಕ್ಕೆ 'ಡಾರ್ಕ್ ಸ್ಟೋರ್', ಅಂದರೆ ದೀಪ ಆರಿದ ಅಂಗಡಿಯ ವಾದ ಅಂತಲೇ ಹೆಸರು ಬಿತ್ತು. ಹಲವು ಕಡೆ ತೆರಿಗೆ ಇಳಿಯಿತು ಕೂಡ. ತೆರಿಗೆ ಬರುತ್ತದೆ ಅಂತ ರಸ್ತೆ, ಚರಂಡಿ ಮಾಡಿಸಿಕೊಟ್ಟಿದ್ದ ನಗರಸಭೆ ಈಗ ಯಾರ ಮುಖ ನೋಡಬೇಕು, ಹೇಳಿ.

ಹಾಗಂತ ಬಾಗಿಲಲ್ಲೇ ತಡೆದರೆ ಎಲ್ಲ ಸರಿಹೋಗುತ್ತದೆ ಅನ್ನಲೂ ಆಗದು. ಫ್ರಾನ್ಸ್ 1973ರಲ್ಲಿ ರಾಯರ್ ಕಾಯ್ದೆ ತಂದು, ದೊಡ್ಡ ಮಳಿಗೆಗಳಿಗೆ ಸಮಿತಿಯ ಒಪ್ಪಿಗೆ ಬೇಕು ಅಂತ ಮಾಡಿತು. ಸಣ್ಣವರನ್ನು ಕಾಪಾಡಲು ಬಂದ ಕಾಯ್ದೆ ಅದು. ಆದರೆ ಆಗಲೇ ಬೇರೂರಿದ್ದ ದೊಡ್ಡವರಿಗೂ ಅದರಿಂದ ಅನುಕೂಲವೇ ಆಯಿತು. ಹೊಸ ಪೈಪೋಟಿ ಬರುವುದು ಕಷ್ಟವಾಯಿತಲ್ಲ!

ಹಾಗಾಗಿ ನನ್ನ ಮತ 'ಬರಲಿ' ಅನ್ನುವ ಕಡೆಗೇ. ಆದರೆ ಮೊದಲೇ ಕಾಗದದಲ್ಲಿ ಬರೆಸಿಕೊಂಡು. ಪೈಪೋಟಿದಾರರಿಗೆ ಮಾರುವುದಿಲ್ಲ ಅನ್ನುವ ಷರತ್ತು ಹಾಕುವಂತಿಲ್ಲ. ಕಟ್ಟಡ ವರ್ಷಗಟ್ಟಲೆ ಖಾಲಿ ಬಿದ್ದರೆ ಕೆಡವುವ ಖರ್ಚಿಗೆ ಠೇವಣಿ ಇಡಬೇಕು. ಅಮೆರಿಕದ ಕೆಲವು ಊರುಗಳು ಇಂಥ ಠೇವಣಿ ಕೇಳಿದ್ದೂ ಉಂಟು. ಇನ್ನೊಂದು, ಕಟ್ಟುವಾಗಲೇ ಒಳಗೆ ಭಾಗ ಮಾಡಿ ನಾಲ್ಕೈದು ಜನಕ್ಕೆ ಕೊಡಲು ಬರುವಂತೆ ಕಟ್ಟಬೇಕು.

ಖಾಲಿ ಡಬ್ಬಕ್ಕೂ ಒಮ್ಮೊಮ್ಮೆ ಒಳ್ಳೆಯ ಕಾಲ ಬರುತ್ತದೆ ಅನ್ನಿ. ಟೆಕ್ಸಾಸ್‌ನ ಮೆಕ್ಆಲೆನ್ ನಗರ ಹಳೆಯ ವಾಲ್‌ಮಾರ್ಟ್ ಕಟ್ಟಡವನ್ನೇ ತೆಗೆದುಕೊಂಡು 2011ರಲ್ಲಿ ಗ್ರಂಥಾಲಯ ಮಾಡಿತು. 1 ಲಕ್ಷ 20 ಸಾವಿರ ಚದರ ಅಡಿಗೂ ಜಾಸ್ತಿ ಜಾಗ, ಎಲ್ಲ ಒಂದೇ ಅಂತಸ್ತಿನಲ್ಲಿ. ಸಾಮಾನಿನ ಕಪಾಟುಗಳಿದ್ದಲ್ಲಿ ಪುಸ್ತಕದ ಕಪಾಟುಗಳು ಬಂದವು. ಕಾರು ನಿಲ್ಲಿಸಲು ಜಾಗವಂತೂ ಮೊದಲೇ ಇತ್ತು.

ನಮಸ್ಕಾರ.